ಮೊದಲ ಗುಟುಕು ಯಾರದು

ಮಸ್ಕತ್ತಿನ ಮತ್ರಾದ ಮಸೀದಿಯಲ್ಲಿ ಬೆಳಗಿನ ಬಾಂಗ್ ಮುಗಿದಿದೆ. ಸೂಕ್ ಎನ್ನುವ ಹಳೆಯ ಪೇಟೆಯ ಹಿಂಬದಿಗೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದಂಥ ಗಲ್ಲಿಯಲ್ಲಿ, ಒಂದು ಕಿಟಕಿಯಿಂದ ಮಾತ್ರ ಆವಿ ಹೊರಗೆ ಬರುತ್ತಿದೆ. ಒಳಗೆ ಬೀಫಾತಿಮಾ ಕುದಿಯುವ ನೀರಿಗೆ ಅಕ್ಕಿಹಿಟ್ಟು ಸುರಿದು, ಮರದ ಸೌಟಿನಲ್ಲಿ ತಿರುವಿ, ಹಬೆಯಾಡುವ ಆ ಮುದ್ದೆಯನ್ನು ಅಗಲವಾದ ಪಾತ್ರೆಗೆ ಕವುಚಿ, ಆರುವ ಮೊದಲೇ ಎರಡೂ ಕೈ ಹಾಕಿ ನಾದತೊಡಗುತ್ತಾರೆ. ನೋಡುವವರ ಕೈಯೇ ಚುರ್ ಎನ್ನುತ್ತದೆ.

"ಆರಿದ ಮೇಲೆ ನಾದಿದರೆ ಅಂಚು ಒಡೀತದೆ ಮಾರಾಯ್ರೆ. ಸುಡುವಾಗಲೇ ಕೈ ಹಾಕ್ಬೇಕು," ಎನ್ನುತ್ತಾರೆ. "ಕೈ ಸುಡುವುದು ಈಗ ನನಗೆ ಗೊತ್ತೇ ಆಗುವುದಿಲ್ಲ. ಹೊಟ್ಟೆ ಸುಡುವುದು ಮಾತ್ರ ಚೆನ್ನಾಗಿ ಗೊತ್ತಾಗ್ತದೆ."

ಅವರು ಮಾಡುತ್ತಿರುವುದು ಪತ್ತಿರ್. ದಕ್ಷಿಣ ಕನ್ನಡದ ಬ್ಯಾರಿ ಮನೆಗಳ ತೆಳ್ಳನೆಯ ಅಕ್ಕಿರೊಟ್ಟಿ. ಎಣ್ಣೆ ಸೋಕಿಸದೆ ಬೇಯಿಸಿ, ತೆಂಗಿನ ಹಾಲು ಸವರಿ, ಮೀನು ಸಾರಿನ ಜೊತೆ ತಿನ್ನುವಂಥದ್ದು. ಉಳ್ಳಾಲದ ಮಹ್ರೂಫ್ ನಡೆಸುವ ಈ ಪುಟ್ಟ ಕಫ್ಟೇರಿಯಾದಿಂದ ದಿನಕ್ಕೆ ಐನೂರರ ಹತ್ತಿರ ಪತ್ತಿರ್ ಹೊರಗೆ ಹೋಗುತ್ತವೆ. ಬಂದರಿನ ಹಮಾಲಿಗಳು, ಮೀನು ಮಾರುಕಟ್ಟೆಯವರು, ಅಂಗಡಿ ಬಾಗಿಲು ತೆರೆಯುವ ಮೊದಲು ಒಂದು ಚಾ ಬೇಕೆನ್ನುವ ಸೂಕಿನ ವ್ಯಾಪಾರಿಗಳು, ಎಲ್ಲರೂ ತಿನ್ನುತ್ತಾರೆ. ಹೆಚ್ಚಿನವರು ಬೀಫಾತಿಮಾರ ಮುಖ ನೋಡಿಲ್ಲ. ಅಡುಗೆಮನೆಗೂ ಹೊರಗಿನ ಮೇಜುಗಳಿಗೂ ನಡುವೆ ಇರುವುದು ತಟ್ಟೆ ದಾಟುವಷ್ಟು ಒಂದು ಕಿಂಡಿ, ಅದರಲ್ಲಿ ಕಾಣುವುದು ಬಳೆಯಿಲ್ಲದ ಎರಡು ಕೈ.

ಪತ್ರಿಕೆಯಲ್ಲಿ ಬರೆಯುತ್ತೇವೆ ಎಂದಾಗ ಅವರು ಕೇಳಿದ ಮೊದಲ ಪ್ರಶ್ನೆ, "ನನ್ನ ಬಗ್ಗೆಯಾ, ಎಲಿಜಬೆತ್ ಬಗ್ಗೆಯಾ?"

ಈ ಸಂಶಯಕ್ಕೆ ಕಾರಣವಿದೆ. ಅವರ ಎದುರಿಗೆ ಕೂತು ಲಟ್ಟಣಿಗೆ ಆಡಿಸುತ್ತಿರುವ ಎತ್ತರದ ಹೆಂಗಸು ಎಲಿಜಬೆತ್. ಆಫ್ರಿಕಾದ ರುವಾಂಡಾ ದೇಶದವರು. 1994ರಲ್ಲಿ ಅಲ್ಲಿ ನೂರು ದಿನ ನರಮೇಧ ನಡೆದಾಗ, ಟುಟ್ಸಿ ಜನರನ್ನು ಹುಟು ಪಂಗಡದ ನೆರೆಕರೆಯವರೇ ಮಚ್ಚು ಹಿಡಿದು ಹುಡುಕಿ ಹುಡುಕಿ ಕೊಂದಾಗ, ಜೌಗಿನ ಜೊಂಡಿನಲ್ಲಿ ಕುತ್ತಿಗೆಯವರೆಗೆ ನೀರಲ್ಲಿ ಅಡಗಿ ಉಳಿದ ಹುಡುಗಿ. ಅವರ ತಾಯಿ, ಇಬ್ಬರು ತಮ್ಮಂದಿರು ಉಳಿಯಲಿಲ್ಲ. ಕೊಂದವನನ್ನು ಎಲಿಜಬೆತ್ ಕ್ಷಮಿಸಿದ್ದಾರೆ ಎಂಬ ಸಂಗತಿ ಹೇಗೋ ಮಸ್ಕತ್ತಿನ ಕನ್ನಡಿಗರ ಕಿವಿಗೆ ಬಿದ್ದಿದೆ. ಶುಕ್ರವಾರ ಅಲ್ ಖುವೈರಿನಿಂದ ಕಾರು ಹಾಕಿಕೊಂಡು ಬರುವ ಆಫೀಸಿನವರು ಈಚೆಗೆ ಕಿಂಡಿಯಲ್ಲಿ ಇಣುಕಿ, "ಆ ಫರ್ಗಿವ್ ಮಾಡಿದ ಲೇಡಿ ಯಾರು?" ಎಂದು ವಿಚಾರಿಸುತ್ತಾರೆ. ಕಳೆದ ವರ್ಷ ಮೈಸೂರು ಕಡೆಯ ಟೀಚರೊಬ್ಬರು ಒಳಗೇ ಬಂದು ಎಲಿಜಬೆತ್ ಹೆಗಲ ಮೇಲೆ ಕೈ ಹಾಕಿ ಫೋಟೋಕ್ಕೆ ನಿಂತರು. ತೆಗೆಯಲು ಫೋನ್ ಕೊಟ್ಟದ್ದು ಬೀಫಾತಿಮಾರ ಕೈಗೆ.

"ಹಿಟ್ಟಿನ ಕೈಯಲ್ಲೇ ತೆಗೆದೆ. ಟೀಚರ ತಲೆ ಅರ್ಧ ಕಟ್ಟಾಯ್ತು. ಬೇಕಂತ ಮಾಡಿದ್ದಲ್ಲ," ಎಂದು ಸ್ವಲ್ಪ ತಡೆದು, "ಸ್ವಲ್ಪ ಬೇಕಂತಲೇ," ಎನ್ನುತ್ತಾರೆ.

ಇದು ಎಲೆಮರೆಯ ಕಾಯಿಯಂಥವರ ಅಂಕಣ, ಆದ್ದರಿಂದ ನಿಮ್ಮ ಬಗ್ಗೆಯೇ ಎಂದು ಹೇಳಿದರೂ ಅವರಿಗೆ ನಂಬಿಕೆ ಬರುವುದಿಲ್ಲ. ಲಟ್ಟಣಿಗೆಯ ಕಡೆ ಗಲ್ಲ ತೋರಿಸಿ ನಗುತ್ತಾರೆ. "ಕಾಯಿ ನಾನೇ ಅಂತ ಇಟ್ಕೊಳ್ಳಿ. ನನ್ನ ಮುಂದೆ ಇರುವ ಎಲೆ ಎಷ್ಟು ದೊಡ್ಡದುಂಟು ನೋಡಿ."

ಬೀಫಾತಿಮಾ ಹೊಟ್ಟೆಕಿಚ್ಚಿನ ಹೆಂಗಸು. ಅವರೇ ಹೇಳಿಕೊಳ್ಳುವ ಮಾತಾದ್ದರಿಂದ ಇಲ್ಲಿ ಬರೆಯಲು ಅಡ್ಡಿಯಿಲ್ಲ. ಆದರೆ ಆ ಕಿಚ್ಚು ಹತ್ತಿದ್ದು ಮತ್ರಾದಲ್ಲಲ್ಲ.

ಉಳ್ಳಾಲದಲ್ಲಿ, ಗಂಡ ಜ್ವರದಲ್ಲಿ ತೀರಿಕೊಂಡಾಗ ಮಗಳು ಸೌದಳಿಗೆ ಮೂರು ವರ್ಷ. ಒಮಾನಿನಲ್ಲಿ ಮನೆಗೆಲಸಕ್ಕೆ ವೀಸಾ ಸಿಕ್ಕಿತು. ಮಗುವನ್ನು ತಂಗಿ ಹಸೀಬಾಳ ಸೊಂಟಕ್ಕೆ ಏರಿಸಿ ವಿಮಾನ ಹತ್ತಿದರು. ಹಸೀಬಾಳಿಗೆ ಮಕ್ಕಳಿರಲಿಲ್ಲ. ಅವಳು ಸೌದಳ ತಲೆ ಬಾಚಿದಳು, ಮದರಸಕ್ಕೆ ಕಳಿಸಿದಳು, ದಡಾರ ಬಂದಾಗ ಬೇವಿನ ಸೊಪ್ಪು ಹಾಸಿ ಪಕ್ಕದಲ್ಲಿ ಕೂತಳು. ಮಗು ತಾಯಿಯನ್ನು ಕರೆಯುವ ಹಾಗೆ ಅವಳನ್ನು ಉಮ್ಮ ಎಂದು ಕರೆಯಿತು. ಎರಡು ವರ್ಷಕ್ಕೊಮ್ಮೆ ಪೆಟ್ಟಿಗೆ ತುಂಬ ಸಾಬೂನು, ಹಾಲಿನ ಪುಡಿ ಹೊತ್ತು ಬರುವ ಹೆಂಗಸಿಗೆ ಬೇರೊಂದು ಹೆಸರು ಬೇಕಲ್ಲ? ಅದನ್ನೂ ಮಗುವೇ ಕೊಟ್ಟಿತು: ಮಸ್ಕತ್ ಉಮ್ಮ.

"ಏರ್‌ಲೈನ್ಸಿನ ಹೆಸರಿನ ಹಾಗೆ," ಎನ್ನುತ್ತಾರೆ ಬೀಫಾತಿಮಾ. ನಗಿಸಲು ಹೇಳಿದ ಮಾತು. ಆದರೆ ಅವರು ನಗುವುದಿಲ್ಲ.

ನಾಲ್ಕು ವರ್ಷಗಳ ಹಿಂದೆ ಸೌದಳ ಮದುವೆಯಾಯಿತು. ರಜೆ ಹಾಕಿ ಹೋದರು. ಮದುಮಗಳನ್ನು ಗಂಡನ ಮನೆಗೆ ಕಳಿಸುವ ಹೊತ್ತು ಬಂತು, ಕಾರು ಅಂಗಳದಲ್ಲಿ ನಿಂತಿತು. ಸೌದ ಓಡಿ ಹೋಗಿ ಹಸೀಬಾಳ ಕುತ್ತಿಗೆಗೆ ಜೋತುಬಿದ್ದು ಅತ್ತಳು. ನೆರೆದ ಹೆಂಗಸರು ಹಸೀಬಾಳ ಬೆನ್ನು ಸವರಿದರು, ಮಗಳನ್ನು ಕೊಟ್ಟ ತಾಯಿಗೆ ಸಮಾಧಾನ ಹೇಳುವ ಹಾಗೆ. ಮಗಳ ಬಟ್ಟೆಯ ಚೀಲ ಹಿಡಿದುಕೊಂಡು ಬೀಫಾತಿಮಾ ಮಾವಿನ ಮರದ ಕೆಳಗೆ ನಿಂತಿದ್ದರು. ಅಲ್ಲಿಂದ ಬಂದವರು ತಂಗಿಯ ಜೊತೆ ಮಾತು ಬಿಟ್ಟರು. ಹಸೀಬಾ ಊರಿಂದ ಬರುವವರ ಕೈಯಲ್ಲಿ ಕಳಿಸಿದ ಹಲ್ವದ ಡಬ್ಬಿಯನ್ನು ಬಿಚ್ಚದೆ, ಬಂದವರ ಕೈಯಲ್ಲೇ ವಾಪಸು ಕಳಿಸಿದರು.

ಈಗ ಸೌದ ಬರ್ಕಾದಲ್ಲಿದ್ದಾಳೆ, ಮತ್ರಾದಿಂದ ಕಾರಿನಲ್ಲಿ ಗಂಟೆಯೊಳಗಿನ ದಾರಿ. ಗಂಡನಿಗೆ ಅಲ್ಲಿ ತರಕಾರಿ ಅಂಗಡಿ. ಅವಳಿಗೆ ದಿನ ತುಂಬುತ್ತಿದೆ. ಹೆರಿಗೆಗೆ ಜೊತೆಗಿರಲು ಅವಳು ಯಾರನ್ನು ಕರೆದಳು ಎಂದು ಕೇಳಬೇಕಾಗಿಲ್ಲ. ಹೋದ ವಾರ ಹಸೀಬಾ ವಿಸಿಟ್ ವೀಸಾದಲ್ಲಿ ಬಂದಿಳಿದಳು. "ಉಮ್ಮ ಬಂದಿದ್ದಾರೆ. ನೀವು ಯಾವಾಗ ಬರ್ತೀರಿ?" ಎಂದು ಸೌದ ಫೋನ್ ಮಾಡಿದಳು. ಬೀಫಾತಿಮಾ ಇನ್ನೂ ಹೋಗಿಲ್ಲ. ಹೋದರೆ ತಂಗಿಯ ಮುಖ ನೋಡಬೇಕು, ಹೋಗದಿದ್ದರೆ ಮೊಮ್ಮಗು ಇವರಿಲ್ಲದೆ ಹುಟ್ಟುತ್ತದೆ. ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಮಹ್ರೂಫನ ಕಫ್ಟೇರಿಯಾಕ್ಕೆ ಬೀಫಾತಿಮಾ ಬಂದ ಎರಡನೇ ವರ್ಷದಲ್ಲಿ ಎಲಿಜಬೆತ್ ಪಾತ್ರೆ ತೊಳೆಯಲು ಸೇರಿದರು. ಪತ್ತಿರ್ ಒಬ್ಬರ ಕೆಲಸವಲ್ಲ. ಒಬ್ಬರು ಬಿಸಿಯಲ್ಲಿ ನಾದಿ ಉಂಡೆ ಕೊಡಬೇಕು, ಆರುವ ಮುಂಚೆ ಇನ್ನೊಬ್ಬರು ಲಟ್ಟಿಸಬೇಕು, ಇಬ್ಬರ ಕೈ ಒಂದು ತಾಳಕ್ಕೆ ಬೀಳಬೇಕು. ಅಷ್ಟರವರೆಗೆ ಬಂದುಹೋದವರ ಜೊತೆ ಕೂಡಿಬರದ ತಾಳ ಎಲಿಜಬೆತ್ ಜೊತೆ ಕೂಡಿಬಂತು. ಹಿಂದಿ, ಅರಬ್ಬಿ, ಬ್ಯಾರಿ ಮೂರನ್ನೂ ಕಲಸಿ ಇಬ್ಬರೂ ತಮ್ಮದೇ ಒಂದು ಭಾಷೆ ಮಾಡಿಕೊಂಡರು. ಎಲಿಜಬೆತ್ ಇವರನ್ನು ದಾದಾ ಎನ್ನುತ್ತಾರೆ, ಅವರ ಕಡೆ ಅಕ್ಕನನ್ನು ಹಾಗೆ ಕರೆಯುತ್ತಾರಂತೆ. ಒಬ್ಬರು ನಮಾಜಿಗೆ ಎದ್ದರೆ ಇನ್ನೊಬ್ಬರು ಕಾವಲಿ ನೋಡಿಕೊಳ್ಳುವುದು, ವಾರದ ರಜೆಯ ಶುಕ್ರವಾರ ಎಲಿಜಬೆತ್ ರೂವಿಯ ಇಗರ್ಜಿಗೆ ಹೊರಟರೆ ಇವರು ತಲೆಗೆ ಕಟ್ಟುವ ಬಟ್ಟೆಗೆ ಇಸ್ತ್ರಿ ಹಾಕಿ ಕೊಡುವುದು, ಹೀಗೆ ಒಂಬತ್ತು ವರ್ಷ ಹೋಯಿತು. ಎಲಿಜಬೆತ್ ಮನೆಯವರು 'ಊರ ಗಲಾಟೆಯಲ್ಲಿ' ಸತ್ತರು ಎಂದಷ್ಟೇ ಬೀಫಾತಿಮಾರಿಗೆ ಗೊತ್ತಿತ್ತು. ಕೆದಕಿ ಕೇಳಲಿಲ್ಲ. ಊರಲ್ಲಿ ಯಾರೂ ಇಲ್ಲದವಳು, ಇನ್ನು ಇವಳಿಗೆ ನಾನೇ ಎಂಬ ಒಂದು ಹೆಮ್ಮೆಯೂ ಒಳಗೊಳಗೆ ಇತ್ತು.

ಎರಡು ವರ್ಷಗಳ ಹಿಂದೆ ನಿಕೋಲ್ ಬಂದಳು.

ಮಹ್ರೂಫನನ್ನು ಕಾಡಿ ಬೇಡಿ, ವೀಸಾಕ್ಕೆ ಹೊಣೆ ನಿಲ್ಲುವ ಒಮಾನಿ ಕಫೀಲನ ಕೈಕಾಲು ಹಿಡಿದು, ಅವಳಿಗೆ ವೀಸಾ ಮಾಡಿಸಿದ್ದು ಎಲಿಜಬೆತ್. ಮೂವತ್ತರ ಹತ್ತಿರದ ಹುಡುಗಿ, ಅದೇ ಊರು, ಅದೇ ಭಾಷೆ. ನೆಂಟಳಾ ಎಂದು ಬೀಫಾತಿಮಾ ಕೇಳಿದರು. "ನೆರೆಮನೆಯವಳು," ಎಂದರು ಎಲಿಜಬೆತ್. ಲಟ್ಟಿಸುವ ಮಣೆಯ ಬಳಿ ನಿಕೋಲಳನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಬೀಫಾತಿಮಾ ನಾದಿ ಕೊಟ್ಟ ಮೇಲೆ ಕಾವಲಿಯ ಕಡೆ ತಿರುಗಬೇಕಾಯಿತು, ಬೆನ್ನು ಅವರಿಬ್ಬರ ಕಡೆ.

"ಬೆನ್ನಿಗೆ ಕಣ್ಣಿಲ್ಲ ಸರಿ. ಕಿವಿ ಎರಡು ಉಂಟಲ್ಲ? ಅವರದ್ದೇ ಭಾಷೆಯಲ್ಲಿ ಗುಸುಗುಸು. ನನಗೆ ಒಂದಕ್ಷರ ಅರ್ಥ ಆಗುವುದಿಲ್ಲ. ಸೌದ, ಹಸೀಬಾ ಮಾತಾಡುವಾಗ ನಾನು ಫೋನ್ ಹಿಡ್ಕೊಂಡು ಈ ಕಡೆ ಕೂತಿರುತ್ತಿದ್ದೆ ನೋಡಿ, ಹಾಗೇ ಆಯ್ತು."

ಸಾಲದ್ದಕ್ಕೆ ಹುಡುಗಿಗೆ ಧಿಮಾಕು. ಬಂದ ಮೊದಲ ವಾರ ಬೀಫಾತಿಮಾರ ಪತ್ತಿರನ್ನು ಅವಳು ಮುಟ್ಟಲಿಲ್ಲ. ಅಂಗಡಿಯಿಂದ ಪ್ಯಾಕೆಟ್ ಬ್ರೆಡ್ಡು ತಂದು, ಸೀಲು ತಾನೇ ಒಡೆದ ಬಾಟಲಿ ನೀರಿನಲ್ಲಿ ನೆನೆಸಿ ತಿಂದಳು. ಬಂದರಿಗೆ ಬಂದರೇ ಬೆರಳು ನೆಕ್ಕಿಕೊಂಡು ತಿನ್ನುವ ಪತ್ತಿರು! ಬೀಫಾತಿಮಾ ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡರು.

ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಚಾದ ಗ್ಲಾಸು. ಮೊದಲ ಸುತ್ತಿನ ಪತ್ತಿರ್ ಕಿಂಡಿ ದಾಟಿದ ಮೇಲೆ ಮೂವರಿಗೂ ಚಾ. ಎಲಿಜಬೆತ್ ನಿಕೋಲಳ ಗ್ಲಾಸು ಎತ್ತಿಕೊಂಡು, ತಾವು ಒಂದು ಗುಟುಕು ಕುಡಿದು, ಆಮೇಲೆ ಅವಳ ಕೈಗೆ ಕೊಡುವರು. ದಿನವೂ ಹೀಗೇ. ಬ್ಯಾರಿ ಮನೆಗಳಲ್ಲಿ ಒಂದು ದೊಡ್ಡ ತಟ್ಟೆಯ ಸುತ್ತ ಕೂತು ಎಲ್ಲರೂ ಕೈ ಹಾಕಿ ಉಣ್ಣುತ್ತಾರೆ. ಒಂದೇ ತಟ್ಟೆಗೆ ಕೈ ಹಾಕಿದವರು ತಮ್ಮವರು. ಒಬ್ಬರು ಕುಡಿದ ಗ್ಲಾಸಿನಲ್ಲಿ ಇನ್ನೊಬ್ಬರು ಕುಡಿಯುವುದೆಂದರೆ ಅದಕ್ಕಿಂತಲೂ ಹತ್ತಿರ, ತಾಯಿ ಮಕ್ಕಳ ನಡುವಿನ ಸಲಿಗೆ. ಒಂಬತ್ತು ವರ್ಷದಲ್ಲಿ ಎಲಿಜಬೆತ್ ಒಂದು ದಿನವೂ ಬೀಫಾತಿಮಾರ ಗ್ಲಾಸಿಗೆ ತುಟಿ ಹಚ್ಚಿದವರಲ್ಲ. ನಿನ್ನೆ ಮೊನ್ನೆ ಬಂದವಳ ಗ್ಲಾಸಿಗೆ ಹಚ್ಚುತ್ತಿದ್ದಾರೆ.

ಆ ವರ್ಷ ರಂಜಾನಿನ ಕೊನೆಯ ದಿನಗಳಲ್ಲಿ ಏಪ್ರಿಲ್ ಏಳು ಬಂತು. ರುವಾಂಡಾದಲ್ಲಿ ಅದು ಸತ್ತವರನ್ನು ನೆನೆಯುವ ದಿನ. ಪ್ರತಿ ವರ್ಷವೂ ಆ ದಿನ ಎಲಿಜಬೆತ್ ಸಂಜೆಯವರೆಗೆ ಏನೂ ತಿನ್ನುವುದಿಲ್ಲ, ಮಾತೂ ಆಡುವುದಿಲ್ಲ. ಈ ಸಲ ಇಬ್ಬರದೂ ಉಪವಾಸ ಒಟ್ಟಿಗೆ ಬಿಡುವುದೆಂದು ಬೀಫಾತಿಮಾ ಖರ್ಜೂರ ತೊಳೆದಿಟ್ಟು, ಎಲಿಜಬೆತ್‌ಗೆ ಇಷ್ಟವಾದ ಶುಂಠಿ ಚಾ ಮಾಡಿ, ಒಂದೇ ತಟ್ಟೆಯಲ್ಲಿ ಇಬ್ಬರಿಗೂ ಬಡಿಸಿಕೊಂಡು ಕಾದರು. ಬಾಂಗ್ ಆಯಿತು. ಎಲಿಜಬೆತ್ ಮೊದಲ ಗ್ಲಾಸು ಎತ್ತಿ, ಒಂದು ಗುಟುಕು ಕುಡಿದು, ಮೂಲೆಯಲ್ಲಿ ಮುದುಡಿ ಕೂತಿದ್ದ ನಿಕೋಲಳಿಗೆ ಚಾಚಿದರು.

ಬೀಫಾತಿಮಾ ತಟ್ಟೆಯನ್ನು ದೂಡಿದರು. ರಂಜಾನ್ ಎಂದೂ ನೋಡಲಿಲ್ಲ, ಬಾಂಗ್ ಎಂದೂ ನೋಡಲಿಲ್ಲ, ಮಹ್ರೂಫನನ್ನು ಕಿಂಡಿಯಲ್ಲೇ ಕೂಗಿ ಕರೆದರು. "ಖಲಾಸ್! ನಾಳೆಯಿಂದ ಈ ಅಡುಗೆಮನೆಯಲ್ಲಿ ಒಂದೋ ಇವಳು, ಇಲ್ಲ ನಾನು!" ಮಹ್ರೂಫ್ ಜಾಣ. ಪತ್ತಿರ್ ಯಾರ ಕೈಯಲ್ಲಿದೆ ಎಂದು ಅವನಿಗೆ ಗೊತ್ತು. "ನೀವು ಹೇಳಿದ ಹಾಗೇ ಆಗಲಿ. ಹಬ್ಬ ಕಳೆದ ಮೇಲೆ ಅವಳನ್ನು ಕಳಿಸುವ," ಎಂದುಬಿಟ್ಟ.

ನಿಕೋಲಳಿಗೆ ಮಾತು ಅರ್ಥವಾಗಲಿಲ್ಲ, ಅದರ ಬಿಸಿ ಮಾತ್ರ ತಾಗಿತು. ಎದ್ದು ಹೊರಗೆ ಹೋದಳು. ಎಲಿಜಬೆತ್ ಆ ದಿನದ ಮೊದಲ ಮಾತು ಆಡಿದರು: "ದಾದಾ, ಅವಳ ಅಪ್ಪ ನನ್ನ ಅಮ್ಮನನ್ನು ಕೊಂದವನು."

ಎಲಿಜಬೆತ್ ಹೇಳಿದ್ದನ್ನು ಬೀಫಾತಿಮಾ ಹೀಗೆ ಹೇಳುತ್ತಾರೆ. ಎರಡು ಮನೆಗಳ ನಡುವೆ ಇದ್ದದ್ದು ಒಂದು ಬಾಳೆತೋಟ. ನಿಕೋಲಳ ಅಪ್ಪ ಹುಟು. ಅವರ ಮನೆಯ ಕುಡುಗೋಲು ಇವರ ಮನೆಗೆ, ಇವರ ಮನೆಯ ಕೆಂಡ ಅವರ ಮನೆಗೆ ಹೋಗಿ ಬಂದು ಮಾಡುತ್ತಿತ್ತು. ಕೊಂದವನೂ ಅವನೇ, ಆ ಬಾಳೆತೋಟದಲ್ಲೇ ಗುಂಡಿ ತೋಡಿ ಮುಚ್ಚಿದವನೂ ಅವನೇ. ನಿಕೋಲ್ ಆಗ ತಾಯಿಯ ಬೆನ್ನಿಗೆ ಕಟ್ಟಿದ ಕೂಸು. ವರ್ಷಗಳ ನಂತರ ಹುಲ್ಲಿನ ಮೇಲೆ ಊರವರೇ ಕೂತು ನ್ಯಾಯ ಕೇಳುವ ಸಭೆಗಳು ಅಲ್ಲಿ ನಡೆದವು. ಕೊಂದವರು ಎದ್ದು ನಿಂತು ಹೇಳಬೇಕು, ಉಳಿದವರು ಕೂತು ಕೇಳಬೇಕು. ಅವನು ಜೈಲಿನ ಬಟ್ಟೆಯಲ್ಲಿ ನಿಂತು ಎಲ್ಲವನ್ನೂ ಹೇಳಿದ. ಗುಂಡಿ ಇರುವ ಜಾಗ ತೋರಿಸಿದ. ಎಲಿಜಬೆತ್ ತಾಯಿಯ ಮೂಳೆಗಳನ್ನು ಉಟ್ಟಿದ್ದ ಬಟ್ಟೆಯ ತುಂಡಿನಿಂದ ಗುರುತು ಹಿಡಿದು ಮಣ್ಣು ಮಾಡಿದರು.

"ಸರಕಾರ ಹೇಳಿತು, ದೇಶ ಒಂದಾಗಬೇಕು, ಇನ್ನು ಮೇಲೆ ಹುಟು ಇಲ್ಲ ಟುಟ್ಸಿ ಇಲ್ಲ ಅಂತ. ಪಾದ್ರಿ ಹೇಳಿದರು, ಯೇಸು ಕ್ಷಮಿಸಿದ ಹಾಗೆ ಕ್ಷಮಿಸು ಅಂತ," ಎನ್ನುತ್ತಾರೆ ಎಲಿಜಬೆತ್, ಲಟ್ಟಣಿಗೆ ನಿಲ್ಲಿಸದೆ. "ಇಬ್ಬರೂ ಹೇಳಿ ತಮ್ಮ ತಮ್ಮ ಮನೆಗೆ ಹೋದರು. ನಾನು ನೀರಿಗೆ ಹೋದರೆ ಅಲ್ಲಿ ಕೊಡ ಹಿಡಿದು ನಿಂತಿರುವುದು ಅವನ ಹೆಂಡತಿ."

ಶಿಕ್ಷೆಯ ಕೊನೆಯ ಭಾಗವಾಗಿ ಆ ಮನುಷ್ಯ ಉಳಿದವರಿಗೆ ಮನೆ ಕಟ್ಟುವ ಕೆಲಸಕ್ಕೆ ಬಂದ. ಎಲಿಜಬೆತ್ ಮನೆಯ ಗೋಡೆಗೂ ಮಣ್ಣು ಕಲಸಿದ. ಬಿಡುಗಡೆಯಾದ ಮೇಲೆ, ಯಾರೂ ಹೇಳದೆಯೂ, ಬಿತ್ತನೆಯ ಹೊತ್ತಿಗೆ ಅವರ ಹೊಲ ಅಗೆದುಕೊಟ್ಟು ಹೋಗುತ್ತಿದ್ದ. ಒಂದು ದಿನ ಬೇಲಿಯ ಆಚೆ ನಿಂತು ಕ್ಷಮೆ ಕೇಳಿದ. ಎಲಿಜಬೆತ್ ಕೊಟ್ಟರು. ಸುಲಭವಾಗಿ ಕೊಟ್ಟೆ ಎಂದು ಅವರು ಎಲ್ಲೂ ಹೇಳಿಕೊಳ್ಳುವುದಿಲ್ಲ. ಅವನು ಸತ್ತ ಮೇಲೆ, ಎಲಿಜಬೆತ್ ಮಸ್ಕತ್ತಿನಿಂದ ರಜೆಗೆ ಊರಿಗೆ ಹೋಗಿದ್ದಾಗ, ಅವನ ಹೆಂಡತಿ ಬಂದು, ಮಗಳಿಗೆ ಎಲ್ಲಾದರೂ ದಾರಿ ಮಾಡಿಕೊಡು ಎಂದಳು. ನಿಕೋಲ್ ಯಾರ ಬಳಿಗೆ ಹೋಗುತ್ತಿದ್ದೇನೆ ಎಂದು ಗೊತ್ತಿದ್ದೇ ಹೊರಟಳು, ಹೆದರಿಕೊಂಡೇ ಬಂದಳು.

"ನಮ್ಮಲ್ಲಿ ಕುಡಿಯಲು ಕೊಡುವವರು ಮೊದಲ ಗುಟುಕು ತಾವು ಕುಡಿದು ಕೊಡಬೇಕು. ಇದರಲ್ಲಿ ವಿಷ ಇಲ್ಲ ಅಂತ ತೋರಿಸಲಿಕ್ಕೆ," ಎಂದಿದ್ದರು ಎಲಿಜಬೆತ್ ಆ ಸಂಜೆ. "ಒಂದು ವಾರ ಅವಳು ಬ್ರೆಡ್ಡು ತಿಂದದ್ದು ಯಾಕೆ ಅಂತ ನಿನಗೆ ಗೊತ್ತಾಗಲಿಲ್ಲವಾ? ನಾನು ಸೇಡು ತೀರಿಸಲಿಕ್ಕೇ ಕರೆಸಿದ್ದೇನೆ ಅಂತ ಅವಳ ಭಯ. ಈಗ ಏಪ್ರಿಲ್ ಬಂತಲ್ಲ, ಅವಳಿಗೆ ಮತ್ತೆ ಆ ಭಯ ಬಂದಿದೆ. ನಿನ್ನ ಗ್ಲಾಸಿನಲ್ಲಿ ನಾನು ಯಾಕೆ ಕುಡಿಯಬೇಕು ದಾದಾ? ನಮ್ಮಿಬ್ಬರ ನಡುವೆ ಹೆದರಿಕೆ ಇದ್ದರೆ ತಾನೇ?"

ಬೀಫಾತಿಮಾ ಖರ್ಜೂರವನ್ನು ಹಿಡಿದುಕೊಂಡೇ ಕೂತಿದ್ದರು. ಉಪವಾಸ ಬಿಟ್ಟಿರಲೇ ಇಲ್ಲ. ಇಷ್ಟು ದಿನ ತಾನು ಕರುಬಿದ್ದು ಪ್ರೀತಿಯ ಗುಟುಕಿಗಲ್ಲ, ಭಯದ ಗುಟುಕಿಗೆ. ಮರುದಿನ ಮಹ್ರೂಫನಿಗೆ, "ಹುಡುಗಿ ಇರಲಿ. ನಾನು ನಿನ್ನೆ ಹಸಿವಿನಲ್ಲಿ ಮಾತಾಡಿದ್ದು," ಎಂದರು. ನಿಕೋಲಳಿಗೆ ಪತ್ತಿರ್ ಕೊಡುವಾಗ ತುಂಡು ಮುರಿದು ಮೊದಲು ತಮ್ಮ ಬಾಯಿಗೆ ಹಾಕಿಕೊಂಡರು. ಅವಳು ತಟ್ಟೆ ತೆಗೆದುಕೊಂಡಳು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಹೊಟ್ಟೆಕಿಚ್ಚು ಒಂದು ಒಲೆಯಲ್ಲಿ ಆರಿದರೆ ಪಕ್ಕದ ಒಲೆಯಲ್ಲಿ ಹತ್ತಿಕೊಳ್ಳುತ್ತದೆ. ನಿಕೋಲಳ ಮೇಲಿನ ಕಿಚ್ಚು ಹೋಯಿತು, ಎಲಿಜಬೆತ್ ಮೇಲೆ ಶುರುವಾಯಿತು. ಐದು ಹೊತ್ತು ನಮಾಜು ಬಿಡದ ತನಗೆ, ದಿನಕ್ಕೆ ಎಷ್ಟು ಸಲ ರಹ್ಮಾನ್ ರಹೀಮ್ ಎಂದು ದೇವರ ದಯೆಯನ್ನು ಕರೆಯುವ ತನಗೆ ಬರದದ್ದು, ವಾರಕ್ಕೊಮ್ಮೆ ಇಗರ್ಜಿಗೆ ಹೋಗುವವಳಿಗೆ ಹೇಗೆ ಬಂತು?

ಈ ಗುರುವಾರ ಬೆಳಿಗ್ಗೆ, ಮೊದಲ ಸುತ್ತು ಮುಗಿದ ಮೇಲೆ, ಆ ಪ್ರಶ್ನೆ ಬಾಯಿಗೆ ಬಂದೇಬಿಡುತ್ತದೆ.

"ನಿನಗೆ ಅಷ್ಟು ದೊಡ್ಡದನ್ನು ಮಾಫ್ ಮಾಡ್ಲಿಕ್ಕೆ ಆಯ್ತು. ನನಗೆ ಇಷ್ಟು ಸಣ್ಣದು ಯಾಕೆ ಆಗುವುದಿಲ್ಲ? ನಿನಗೆ ದೇವರು ಕೊಟ್ಟದ್ದನ್ನು ನನಗೆ ಯಾಕೆ ಕೊಡಲಿಲ್ಲ?"

ಎಲಿಜಬೆತ್ ಲಟ್ಟಣಿಗೆ ನಿಲ್ಲಿಸುತ್ತಾರೆ. ಅವರಿಗೆ ಸಿಟ್ಟು ಬಂದಿದೆ. "ಇದಕ್ಕೂ ಹೊಟ್ಟೆಕಿಚ್ಚಾ? ಬೇಕಾದರೆ ತಕ್ಕೋ ದಾದಾ. ಆದರೆ ಜೊತೆಗೆ ಆ ಗುಂಡಿಯನ್ನೂ ತಕ್ಕೋ. ಗುಂಡಿ ಇಲ್ಲದೆ ಇದು ಸಿಗುವುದಿಲ್ಲ." ನಿಕೋಲ್ ತಲೆ ತಗ್ಗಿಸಿ ಹಿಟ್ಟು ಉದುರಿಸುತ್ತಾಳೆ. ಎಲಿಜಬೆತ್ ಅವಳ ಕಡೆ ನೋಡಿ ದನಿ ತಗ್ಗಿಸುತ್ತಾರೆ. "ಇವಳು ನಗುವಾಗ ಹುಬ್ಬು ಅವನದ್ದೇ. ದಿನ ಬೆಳಿಗ್ಗೆ ಆ ಹುಬ್ಬು ನೋಡಿ ಮತ್ತೆ ಹೊಸದಾಗಿ ಕ್ಷಮಿಸಬೇಕು. ನಿನ್ನೆಯ ಹಿಟ್ಟು ಇವತ್ತಿಗೆ ಆಗುತ್ತದಾ? ಹಾಗೇ ಇದೂ. ಕೆಲವು ದಿನ ಆಗುವುದೂ ಇಲ್ಲ. ಆಗದ ದಿನವೂ ಚಾ ಮಾತ್ರ ಕೊಡುತ್ತೇನೆ."

ಆಮೇಲೆ ಎಲಿಜಬೆತ್ ಕೇಳುತ್ತಾರೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಹಾಗೆ: "ನಿನ್ನ ತಂಗಿ ಏನು ಮಾಡಿದಳು?"

ಬೀಫಾತಿಮಾ ಕೈಯಲ್ಲಿದ್ದ ಉಂಡೆಯನ್ನು ಮತ್ತೆ ಮತ್ತೆ ನಾದುತ್ತಾರೆ. ಕಾವಲಿಯ ಮೇಲೆ ಒಂದು ಪತ್ತಿರ್ ಕರಕಲಾಗುತ್ತದೆ, ಇಷ್ಟು ವರ್ಷದಲ್ಲಿ ನಡೆಯದಂಥದ್ದು. ಮಧ್ಯಾಹ್ನದವರೆಗೂ ಅವರು ತಂಗಿಯ ತಪ್ಪನ್ನು ಹುಡುಕುತ್ತಾರೆ. ಮೀನು ಕೊಯ್ಯುವಾಗ, ತೆಂಗಿನಕಾಯಿ ತುರಿಯುವಾಗ ತುಟಿ ಅಲ್ಲಾಡುತ್ತಿರುತ್ತದೆ. ಕೊನೆಗೆ ಕೈ ತೊಳೆಯುತ್ತಾ, ಯಾರಿಗೂ ಅಲ್ಲದ ಹಾಗೆ ಹೇಳುತ್ತಾರೆ: "ನನ್ನ ಮಗಳನ್ನು ಪ್ರೀತಿ ಮಾಡಿದಳು. ಬೇರೆ ಎಂತ ಮಾಡಿದಳು ಅಂತ ಎಷ್ಟು ಹುಡುಕಿದರೂ ಸಿಗುವುದಿಲ್ಲವಲ್ಲ."

ಮರುದಿನ ಶುಕ್ರವಾರ, ಜುಮಾ ಮುಗಿದ ಮೇಲೆ, ಬರ್ಕಾಕ್ಕೆ ಸಾಮಾನು ತರಲು ಹೊರಟ ಮಹ್ರೂಫನ ವ್ಯಾನಿನ ಮುಂದಿನ ಸೀಟಿನಲ್ಲಿ ಬೀಫಾತಿಮಾ ಕೂತಿದ್ದಾರೆ. ತೊಡೆಯ ಮೇಲೆ ಬಟ್ಟೆ ಸುತ್ತಿದ ಪತ್ತಿರ್ ಡಬ್ಬಿ, ಕಾಲ ಬಳಿ ಚಾದ ಫ್ಲಾಸ್ಕು. ಇಗರ್ಜಿಗೆ ಹೊರಟ ಎಲಿಜಬೆತ್, ನಿಕೋಲ್ ಇಬ್ಬರೂ ಗಲ್ಲಿಯ ಬಾಯಿಯಲ್ಲಿ ನಿಂತು ನೋಡುತ್ತಾರೆ. "ಯಲ್ಲಾ, ಹೊರಡು ಮಾರಾಯ, ಮನಸ್ಸು ತಿರುಗುವ ಮೊದಲು," ಎಂದು ಬೀಫಾತಿಮಾ ಮಹ್ರೂಫನಿಗೆ ಹೇಳುತ್ತಾರೆ.

ಮುಂದಿನದನ್ನು ಅವರು ಹೇಳಿದ್ದು ಶನಿವಾರ ಬೆಳಿಗ್ಗೆ, ಮತ್ತೆ ಅದೇ ಕಿಟಕಿಯ ಒಳಗೆ, ಹಬೆಯಾಡುವ ಹಿಟ್ಟಿನಲ್ಲಿ ಮಣಿಕಟ್ಟಿನವರೆಗೆ ಕೈಯಿಟ್ಟುಕೊಂಡು.

ಬಾಗಿಲು ತೆರೆದದ್ದು ಹಸೀಬಾ. ಕೂದಲು ಬೆಳ್ಳಗಾಗಿತ್ತು, ಫೋನಿನಲ್ಲಿ ಸೌದ ಅದನ್ನು ಹೇಳಿರಲಿಲ್ಲ. "ಅಕ್ಕ," ಎಂದವಳು ಪಕ್ಕಕ್ಕೆ ಸರಿದು ನಿಂತಳು. ಸೌದ ಸೋಫಾದಿಂದ ಏಳಲಾರದೆ ಎದ್ದಳು. ಅಡುಗೆಮನೆಯಲ್ಲಿ ಹಸೀಬಾ ಆಗಲೇ ಪತ್ತಿರ್ ಮಾಡಿಟ್ಟಿದ್ದಳು. "ಇಷ್ಟು ದಪ್ಪ!" ಎಂದು ಬೀಫಾತಿಮಾ ಎರಡು ಬೆರಳು ತೋರಿಸುತ್ತಾರೆ. "ಅದನ್ನು ತಿಂದೇ ನನ್ನ ಮಗಳು ಬೆಳೆದದ್ದಲ್ಲವಾ? ಆವಾಗಲೂ ನನಗೆ ಉರಿಯಿತು, ಸುಳ್ಳು ಯಾಕೆ ಹೇಳಲಿ."

ಫ್ಲಾಸ್ಕು ಬಿಚ್ಚಿ ಗ್ಲಾಸಿಗೆ ಚಾ ಬಗ್ಗಿಸಿ ತಂಗಿಯ ಮುಂದೆ ಹಿಡಿದರು. ಹಸೀಬಾ ಕೈ ಚಾಚಲಿಲ್ಲ. ಗ್ಲಾಸನ್ನು ನೋಡಿದಳು, ಅಕ್ಕನನ್ನು ನೋಡಿದಳು. ನಾಲ್ಕು ವರ್ಷ ಒಂದು ಮಾತಿಲ್ಲ, ಕಳಿಸಿದ ಹಲ್ವ ಹಾಗೇ ವಾಪಸು ಬಂದಿತ್ತು. ಈಗ ಬಂದು ಚಾ ಕೊಡುತ್ತಿದ್ದಾಳೆ ಎಂದರೆ ಇದರ ಹಿಂದೆ ಏನು ಮಾತು ಬರಲಿಕ್ಕಿದೆಯೋ, ಮಗಳನ್ನು ಬಿಟ್ಟು ಊರಿಗೆ ಹೋಗು ಎನ್ನಲು ಬಂದಿದ್ದಾಳೋ ಎಂಬ ಅಂಜಿಕೆ.

"ಆ ಮುಖ ನಾನು ನೋಡಿದ್ದೆ. ಬ್ರೆಡ್ಡು ತಿನ್ನುವ ನಿಕೋಲಳ ಮುಖ ಅದು," ಎನ್ನುತ್ತಾರೆ ಬೀಫಾತಿಮಾ. "ನನ್ನ ತಂಗಿ ನನಗೆ ಹೆದರುತ್ತಿದ್ದಳು. ಇಷ್ಟು ವರ್ಷ ಪೆಟ್ಟು ತಿಂದವಳು ನಾನು ಅಂತ ಎಣಿಸಿದ್ದೆ. ಹೆದರುತ್ತಿರುವುದು ಅವಳು!"

ಬೀಫಾತಿಮಾ ಗ್ಲಾಸನ್ನು ಹಿಂದಕ್ಕೆ ತಂದು ತಮ್ಮ ತುಟಿಗೆ ಹಚ್ಚಿ ಒಂದು ಗುಟುಕು ಕುಡಿದರು. ಆಮೇಲೆ ಕೊಟ್ಟರು. ಹಸೀಬಾಳಿಗೆ ರುವಾಂಡಾ ಗೊತ್ತಿಲ್ಲ, ಅಲ್ಲಿಯ ಪದ್ಧತಿ ಗೊತ್ತಿಲ್ಲ. ಅಕ್ಕ ಕುಡಿದ ಗ್ಲಾಸು ಎಂದರೆ ಏನೆಂದು ಮಾತ್ರ ಉಳ್ಳಾಲದಲ್ಲಿ ಹುಟ್ಟಿದ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡೂ ಕೈಯಲ್ಲಿ ಹಿಡಿದು, ಅಳುತ್ತಾ, ತಳದವರೆಗೆ ಕುಡಿದಳು.

ಹಿಟ್ಟು ಹದಕ್ಕೆ ಬಂದಿದೆ. ಬೀಫಾತಿಮಾ ಉಂಡೆ ಮಾಡಿ ಮಣೆಯ ಕಡೆ ದಾಟಿಸುತ್ತಾರೆ, ಎಲಿಜಬೆತ್ ಲಟ್ಟಿಸುತ್ತಾರೆ, ನಿಕೋಲ್ ಕಾವಲಿಗೆ ಹಾಕುತ್ತಾಳೆ. ಕಿಂಡಿಯ ಆಚೆ ಯಾರೋ ಹಮಾಲಿ ಇನ್ನೆರಡು ಪತ್ತಿರ್ ಕೇಳುತ್ತಿದ್ದಾನೆ. ಕೊನೆಯದಾಗಿ, ನಿಮಗೆ ಇನ್ನೇನು ಆಸೆ ಎಂದು ಕೇಳಿದರೆ ಅವರು ಯೋಚಿಸುತ್ತಾರೆ.

"ಮಗು ಹುಟ್ಟಿದಾಗ ಮೊದಲು ಹಸೀಬಾ ಎತ್ತಿಕೊಳ್ಳಲಿ. ಎತ್ತಿಕೊಳ್ಳುತ್ತಾಳೆ, ಗೊತ್ತುಂಟು ನನಗೆ. ಎರಡನೇದು ನಾನು. ಅಷ್ಟರಲ್ಲಿ ನನ್ನ ಹೊಟ್ಟೆ ಎಷ್ಟು ಉರಿಯುತ್ತದೆ ಅಂತ ದೇವರಿಗೇ ಗೊತ್ತು." ಮುಂಗೈಯಿಂದ ಹಣೆಯ ಬೆವರು ಒರೆಸಿಕೊಳ್ಳುತ್ತಾರೆ. "ಮತ್ತೆ, ಪೇಪರಿನಲ್ಲಿ ಬೀಫಾತಿಮಾ ತಂಗಿಯನ್ನು ಮಾಫ್ ಮಾಡಿದಳು ಅಂತೆಲ್ಲ ಬರೀಬೇಡಿ ಆಯ್ತಾ. ಅದೆಲ್ಲ ಎಲಿಜಬೆತ್ ಹೆಸರಿಗೇ ಇರಲಿ. ಚಾ ಕೊಟ್ಟೆ ಅಂತ ಬರೀರಿ. ಮೊದಲು ನಾನು ಕುಡಿದು, ಆಮೇಲೆ ಕೊಟ್ಟೆ."